ಚಿತ್ರ ತೋರಿಸಿದ ಮೇಲೆ ಏನು? ಬಾಹ್ಯಾಕಾಶ ದೂರದರ್ಶಕಗಳ ಮೂಲಕ ಮಕ್ಕಳಿಗೆ ವಿಶ್ವವನ್ನು ಕಲಿಸುವ ಬಗೆ

ಗೋರೆಗಾಂವ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ನಮ್ಮ ಸಂಘದ ಕೊಠಡಿಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಾರವಿಡೀ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಓದುವ ಮಕ್ಕಳು; ಮನೆಯಲ್ಲಿ ಕನ್ನಡ, ತುಳು, ಕೊಂಕಣಿ. ಮಳೆಗಾಲ ಮುಗಿಯುವವರೆಗೆ ವಿಶ್ವದ ಬಗ್ಗೆ ಪಾಠ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಮುಂಬಯಿಯ ಮಳೆಗಾಲದಲ್ಲಿ ಆಕಾಶವೇ ಕಾಣದಿರುವುದರಿಂದ ಮೋಡದ ಮೇಲಿರುವ ದೂರದರ್ಶಕಗಳೇ ನಮಗೆ ಗತಿ.

ತೊಂದರೆ ಏನೆಂದರೆ, ಹಬಲ್ ಮತ್ತು ಜೇಮ್ಸ್ ವೆಬ್ ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟರೆ ಮೊದಲನೆಯದಕ್ಕೆ ಮಕ್ಕಳು 'ಅಬ್ಬಾ' ಎನ್ನುತ್ತಾರೆ. ಮೂರನೆಯದಕ್ಕೆ ಆ 'ಅಬ್ಬಾ' ಸಣ್ಣದಾಗುತ್ತದೆ. ಆರನೆಯದಕ್ಕೆ ಹಿಂದಿನ ಬೆಂಚಿನಲ್ಲಿ ಕ್ರಿಕೆಟ್ ಮಾತು ಶುರು. ಅವರ ತಪ್ಪಲ್ಲ. ಇದಕ್ಕಿಂತ ಝಗಮಗಿಸುವ ಚಿತ್ರಗಳು ಅವರ ಮೊಬೈಲಿನಲ್ಲಿ ದಿನವೂ ಬರುತ್ತವೆ. ಅವುಗಳಲ್ಲಿ ಎಷ್ಟೋ ಯಾವ ದೂರದರ್ಶಕವೂ ಕಾಣದವು.

'ಇದು ಇಷ್ಟು ದೂರ, ಅದು ಅಷ್ಟು ಹಳೆಯದು' ಎಂದು ಹೇಳಿ ಮುಗಿಸುವುದು ನನಗೆ ಪಾಠ ಎನಿಸುವುದಿಲ್ಲ. ಅದು ಹೇಗೆ ಗೊತ್ತಾಯಿತು ಎನ್ನುವುದರ ಒಂದು ತುಣುಕನ್ನಾದರೂ ಮಕ್ಕಳು ತಮ್ಮ ಕೈಯಿಂದ ಮಾಡಿ ನೋಡಬೇಕು. ನಮ್ಮಲ್ಲಿರುವುದು ಒಂದು ಪ್ರೊಜೆಕ್ಟರ್, ಒಂದು ಕಪ್ಪು ಹಲಗೆ, ಕಿಟಕಿಗೆ ದಪ್ಪ ಪರದೆ. ನೀವು ಏನು ಮಾಡಿದ್ದೀರಿ, ಏನು ಮಾಡಬಹುದು ತಿಳಿಸಿ.

ವಾಸ್ಕೋ ಟೀಚರ್

ಸರ್, ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವವಳು. ಹೆಚ್ಚಿನವರು ಗದಗ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದ ಮನೆಗಳವರು. ನಮ್ಮಲ್ಲಿ ಪ್ರೊಜೆಕ್ಟರ್ ಕೂಡ ಇಲ್ಲ. ನಾನು ಬಳಸಿದ್ದು ರವೆ.

ಪ್ರತಿಯೊಬ್ಬರ ತೋರುಬೆರಳಿಗೆ ಸ್ವಲ್ಪ ನೀರು ಹಚ್ಚಿಸಿ ರವೆಯ ಒಂದೇ ಒಂದು ಕಾಳು ಅಂಟಿಸಿದೆ. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆ ಹಿಡಿಯಿರಿ ಎಂದೆ. ಅರ್ಧ ಮಿಲಿಮೀಟರ್ ಚಿಲ್ಲರೆಯ ಕಾಳು ಅರವತ್ತು ಸೆಂಟಿಮೀಟರ್ ದೂರದಲ್ಲಿ ಆಕಾಶದ ಎಷ್ಟು ಜಾಗ ಮುಚ್ಚುತ್ತದೆಯೋ, ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ಹಬಲ್ 2003-04ರಲ್ಲಿ ಒಟ್ಟು ಸುಮಾರು ಹತ್ತು ಲಕ್ಷ ಸೆಕೆಂಡು ದಿಟ್ಟಿಸಿತು. ಅಲ್ಲಿ ಸಿಕ್ಕಿದ್ದು ಸುಮಾರು 10,000 ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ಮಹಾಗುಂಪುಗಳು. ಇದನ್ನು ಹೇಳುವ ಮೊದಲು 'ಆ ಕಾಳಿನ ಹಿಂದೆ ಎಷ್ಟು ಇರಬಹುದು?' ಎಂದು ಕೇಳಿದೆ. ಒಬ್ಬ 'ಏನೂ ಇಲ್ಲ' ಎಂದ, ಒಬ್ಬಳು 'ನಾಲ್ಕು ನಕ್ಷತ್ರ' ಎಂದಳು. ಎಲ್ಲರ ಉತ್ತರವನ್ನೂ ಹಲಗೆಯ ಮೇಲೆ ಬರೆದಿಟ್ಟುಕೊಂಡೆ.

ಆಮೇಲೆ ಲೆಕ್ಕ. ಆ ತುಣುಕಿನ ವಿಸ್ತೀರ್ಣ ಸುಮಾರು 11 ಚದರ ಮಿನಿಟ್ (ಡಿಗ್ರಿಯ ಅರವತ್ತರಲ್ಲೊಂದು ಪಾಲು ಒಂದು ಮಿನಿಟ್). ಇಡೀ ಆಕಾಶಗೋಲ 41,253 ಚದರ ಡಿಗ್ರಿ, ಅಂದರೆ ಸುಮಾರು 14.85 ಕೋಟಿ ಚದರ ಮಿನಿಟ್. ಭಾಗಿಸಿದರೆ ಸುಮಾರು 1.35 ಕೋಟಿ ರವೆಕಾಳು ಬೇಕು ಆಕಾಶ ಮುಚ್ಚಲು. ಒಂದೊಂದರ ಹಿಂದೆ ಹತ್ತು ಸಾವಿರ. ಗುಣಿಸಿದಾಗ 13,500 ಕೋಟಿ ಬಂತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸೊನ್ನೆಗಳನ್ನು ಮೂರು ಸಲ ಎಣಿಸಿದ. ಚಿತ್ರವನ್ನು ನನ್ನ ಮೊಬೈಲಿನಲ್ಲಿ ತೋರಿಸಿದ್ದು ಎಲ್ಲ ಮುಗಿದ ಮೇಲೆ.

ಸಾಂತಾಕ್ರೂಜ್ ಹೋಟೆಲಿನವ

ಟೀಚರೇ, ಚಿರೋಟಿ ರವೆಯೋ ಉಪ್ಪಿಟ್ಟಿನ ರವೆಯೋ? ನಮಗೆ ಅದು ಮುಖ್ಯ ಪ್ರಶ್ನೆ.

ವಾಸ್ಕೋ ಟೀಚರ್

ಉಪ್ಪಿಟ್ಟಿನದು ಅಣ್ಣ. ಚಿರೋಟಿ ರವೆ ತೀರಾ ಸಣ್ಣದು; ಅದನ್ನು ಅಂಟಿಸಿದರೆ ಗೆಲಾಕ್ಸಿಗಳ ಸಂಖ್ಯೆ ಏರಿಹೋಗುತ್ತದೆ!

ಔಂಧ್ ಇಂಜಿನಿಯರ್, ಪುಣೆ

ರವೆಯ ಪ್ರಯೋಗ ಬಹಳ ಇಷ್ಟವಾಯಿತು. ಆದರೆ ಒಂದು ತಕರಾರು ಇದೆ, ಅದನ್ನೂ ಪಾಠವಾಗಿಸಬಹುದು. ಒಂದು ತುಣುಕನ್ನು ನೋಡಿ ಇಡೀ ಆಕಾಶದ ಲೆಕ್ಕ ಹಾಕುವ ಹಕ್ಕು ನಮಗೆ ಯಾರು ಕೊಟ್ಟರು? ಮುಂಬಯಿಯ ಒಂದು ಚದರ ಕಿಲೋಮೀಟರಿನ ಜನರನ್ನು ಎಣಿಸಿ ಮಹಾರಾಷ್ಟ್ರದ ಜನಸಂಖ್ಯೆ ಹೇಳಲಾಗುತ್ತದೆಯೇ? ಮಕ್ಕಳಿಂದ ಈ ಪ್ರಶ್ನೆ ಬರುವವರೆಗೆ ಕಾಯಬೇಕು.

ವಿಜ್ಞಾನಿಗಳಿಗೂ ಇದೇ ಸಂದೇಹವಿತ್ತು. 1995ರ ಡಿಸೆಂಬರಿನಲ್ಲಿ ಹಬಲ್‌ನ ವೀಕ್ಷಣೆ ನೋಡಿಕೊಳ್ಳುವ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ಪಾಲಿನ ವೀಕ್ಷಣಾ ಸಮಯವನ್ನು ಸಪ್ತರ್ಷಿಮಂಡಲದ ಬಳಿಯ, ಏನೂ ಇಲ್ಲದಂತೆ ಕಾಣುವ ಜಾಗಕ್ಕೆ ಕೊಟ್ಟರು. ಹತ್ತು ದಿನ ಹಬಲ್ ಅಲ್ಲಿಯೇ ನೋಡಿತು. 342 ಬಾರಿ ಚಿತ್ರ ತೆಗೆಯಿತು. ಅಷ್ಟು ದುಬಾರಿ ಸಮಯವನ್ನು ಖಾಲಿ ಜಾಗಕ್ಕೆ ಸುರಿಯುವುದು ಸರಿಯಲ್ಲ ಎಂದವರು ಇದ್ದರು. ಸುಮಾರು 3,000 ಗೆಲಾಕ್ಸಿಗಳು ಸಿಕ್ಕಿದ ಮೇಲೆ ಎರಡನೆಯ ಪ್ರಶ್ನೆ ಎದ್ದಿತು: ಇದು ಅದೃಷ್ಟದ ಜಾಗವೋ? 1998ರಲ್ಲಿ ಆಕಾಶದ ದಕ್ಷಿಣ ಭಾಗದಲ್ಲಿ ಇನ್ನೊಂದು ತುಣುಕನ್ನು ನೋಡಿದರು. ಅಲ್ಲಿಯೂ ಹೆಚ್ಚುಕಡಿಮೆ ಅದೇ ದೃಶ್ಯ. 'ದೊಡ್ಡ ಅಳತೆಯಲ್ಲಿ ವಿಶ್ವ ಎಲ್ಲ ದಿಕ್ಕಿಗೂ ಒಂದೇ ತೆರ' ಎಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತಿನ ಹಿಂದೆ ಇಂಥ ಪರೀಕ್ಷೆಗಳಿವೆ.

ಹಾಗೆಯೇ 13,500 ಕೋಟಿ ಎನ್ನುವುದು ಹಬಲ್ ಕಣ್ಣಿಗೆ ಕಂಡವುಗಳ ಲೆಕ್ಕ. ಕಾಣದಷ್ಟು ಮಂಕಾದವನ್ನು ಸೇರಿಸಿ 2016ರಲ್ಲಿ ಎರಡು ಲಕ್ಷ ಕೋಟಿ ಎಂಬ ಅಂದಾಜು ಬಂತು. ಪ್ಲೂಟೋ ದಾಟಿಹೋದ ನ್ಯೂ ಹೊರೈಜನ್ಸ್ ನೌಕೆ ಆಕಾಶದ ಹಿನ್ನೆಲೆ ಬೆಳಕನ್ನು ಅಳೆದ ಮೇಲೆ, ಅಷ್ಟಿರಲಾರದು ಎಂಬ ವಾದ 2021ರಲ್ಲಿ ಬಂತು. ಅಂದಾಜು ಹತ್ತು ಪಟ್ಟು ಆಚೀಚೆ ಆಡುತ್ತದೆ ಎಂದು ಮಕ್ಕಳಿಗೆ ಹೇಳಲು ಹಿಂಜರಿಯಬೇಕಿಲ್ಲ.

ನೆರೂಲ್ ಅಜ್ಜ

ನಾನು ಹಾವೇರಿ ಜಿಲ್ಲೆಯ ಒಕ್ಕಲು ಮನೆತನದವನು. ಮಗನ ಜೊತೆ ನೆರೂಲಿನಲ್ಲಿದ್ದೇನೆ. ಮೊಮ್ಮಗಳಿಗೆ ಲಕ್ಷ ಕೋಟಿಯ ಮಾತು ಹೇಳುವುದಕ್ಕೆ ಮುಂಚೆ ಅವಳ ಕಣ್ಣಿಗೆ ಕಾಣುವ ಒಂದು ನಕ್ಷತ್ರ ತೋರಿಸಿ ಎನ್ನುತ್ತೇನೆ. ಲೆಕ್ಕ, ಪ್ರಯೋಗ ಎಲ್ಲ ಸರಿ ಮೇಷ್ಟ್ರೇ, ಆದರೆ ಮಗು ಸುಮ್ಮನೆ ಮೇಲೆ ನೋಡುತ್ತಾ ನಿಲ್ಲುವ ಹೊತ್ತನ್ನು ಅದರಿಂದ ಕಿತ್ತುಕೊಳ್ಳಬಾರದು.

ಚಳಿಗಾಲದಲ್ಲಿ ನಮ್ಮ ಕಟ್ಟಡದ ಗಚ್ಚಿನಿಂದ, ಇಷ್ಟೊಂದು ದೀಪಗಳ ನಡುವೆಯೂ ಆರ್ದ್ರಾ ನಕ್ಷತ್ರ ಕೆಂಪಗೆ ಕಾಣುತ್ತದೆ. ಊರಿನಲ್ಲಿ ನಮಗೆ ಅದು ಮಳೆಯ ಹೆಸರು. ಮೃಗಶಿರಾ ಮಳೆ ಆದ ಮೇಲೆ ಆರ್ದ್ರಾ ಮಳೆ. ಜೂನ್ 21-22ರ ಹೊತ್ತಿಗೆ ಸೂರ್ಯ ಆರ್ದ್ರೆಗೆ ಬರುತ್ತಾನೆ. ಹಾಗಾಗಿ ಆ ಮಳೆ ಸುರಿಯುವಾಗ ಆ ನಕ್ಷತ್ರ ಹಗಲಿನ ಆಕಾಶದಲ್ಲಿರುತ್ತದೆ, ರಾತ್ರಿ ಕಾಣುವುದೇ ಇಲ್ಲ. ಎಪ್ಪತ್ತು ವರ್ಷ ಮಳೆಯ ಹೆಸರು ಹೇಳಿದವರಲ್ಲಿ ಎಷ್ಟು ಜನ ಇದನ್ನು ಯೋಚಿಸಿದ್ದಾರೆ? ಮೊಮ್ಮಗಳು ಚೆಂಡು, ದೀಪ ಇಟ್ಟುಕೊಂಡು ನನಗೇ ವಿವರಿಸಿದಳು.

ಖಗೋಳ ವಿದ್ಯಾರ್ಥಿನಿ, ಪುಣೆ

ಅಜ್ಜಾ, ಆರ್ದ್ರೆಗೂ ಹಬಲ್‌ಗೂ ಒಂದು ಒಳ್ಳೆಯ ಕಥೆ ಇದೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ (ಬೀಟಲ್‌ಜ್ಯೂಸ್) ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಯಿತು. ಇನ್ನೇನು ಸ್ಫೋಟಿಸುತ್ತದೆ ಎಂದು ಪತ್ರಿಕೆಗಳಲ್ಲಿ ಗುಲ್ಲು. ಹಬಲ್ ಅದಕ್ಕೆ ಮುಂಚೆಯೇ, 2019ರ ಶರತ್ಕಾಲದಲ್ಲಿ, ಅತಿನೇರಳೆ ಬೆಳಕಿನಲ್ಲಿ ಆ ನಕ್ಷತ್ರದಿಂದ ಬಿಸಿಯಾದ ದಟ್ಟ ಅನಿಲ ಹೊರಕ್ಕೆ ಚಿಮ್ಮುತ್ತಿದ್ದುದನ್ನು ದಾಖಲಿಸಿತ್ತು. ಆ ಅನಿಲ ತಣ್ಣಗಾಗಿ ಧೂಳಾಗಿ ನಮಗೂ ನಕ್ಷತ್ರಕ್ಕೂ ನಡುವೆ ಪರದೆಯಂತೆ ಬಂದದ್ದರಿಂದ ಮಂಕಾಯಿತು ಎಂಬುದು ಆಮೇಲೆ ಕೊಟ್ಟ ವಿವರಣೆ. ಮಕ್ಕಳಿಗೆ ಮೊದಲು ಮಂಕಾಗುವ ಗ್ರಾಫ್ ಕೊಡಿ, ಕಾರಣ ಏನಿರಬಹುದೆಂದು ಊಹಿಸಲು ಬಿಡಿ, ಅತಿನೇರಳೆಯ ಸುಳಿವನ್ನು ಕೊನೆಗೆ ಕೊಡಿ.

ಸುಮ್ಮನೆ ನೋಡುವ ಹೊತ್ತಿನ ಬಗ್ಗೆ ನೀವು ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆರಗು ತಾನಾಗಿ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಗೊತ್ತಾದ ಮೇಲೆ ಹುಟ್ಟುವ ಬೆರಗು ಹೆಚ್ಚು ಕಾಲ ಉಳಿಯುತ್ತದೆ.

ನೆರೂಲ್ ಅಜ್ಜ

ನಿನ್ನ ವಯಸ್ಸಿನಲ್ಲಿ ನಾನೂ ಹೀಗೆಯೇ ಹೇಳುತ್ತಿದ್ದೆನೇನೋ ತಾಯಿ. ಇರಲಿ, ಎರಡೂ ಇರಲಿ.

ಇಬ್ಬರು ಮಕ್ಕಳ ತಾಯಿ, ಕೋಥ್ರೂಡ್

ಓದಲು ಚೆನ್ನಾಗಿದೆ. ಆದರೆ ಕೇಳಲೇಬೇಕು: ಇದು ಪರೀಕ್ಷೆಗೆ ಬರುತ್ತದೆಯೇ? ದೊಡ್ಡವನು ಹತ್ತನೆಯ ತರಗತಿ. ಭಾನುವಾರ ಎರಡು ಗಂಟೆ ಎಂದರೆ ಅವನಿಗೆ ಒಂದು ಅಧ್ಯಾಯದ ಲೆಕ್ಕಗಳು.

ಗೋರೆಗಾಂವ್ ಮೇಷ್ಟ್ರು

ಅಮ್ಮಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ವಿಶ್ವದ ಬಗ್ಗೆ ನೇರ ಪ್ರಶ್ನೆ ಬರುವುದು ಕಡಿಮೆ. ಆದರೆ ಟೀಚರ್ ಮಾಡಿದ ಲೆಕ್ಕದಲ್ಲಿ ಗೋಲದ ಮೇಲ್ಮೈ ವಿಸ್ತೀರ್ಣ, ಘಾತಾಂಕ, ಅಂದಾಜು ಇಷ್ಟೂ ಇವೆ. ರೋಹಿತ, ವಕ್ರೀಭವನ, ವರ್ಣ ವಿಭಜನೆ ಹತ್ತನೆಯ ತರಗತಿಯ ಬೆಳಕಿನ ಪಾಠದಲ್ಲೇ ಇವೆ. ಆ ಪಾಠದ ಪಟ್ಟಕವನ್ನು ಬಿಟ್ಟು ನಾವು ಹಳೆಯ ಸಿ.ಡಿ. ಹಿಡಿಯುತ್ತೇವೆ, ಅಷ್ಟೇ ವ್ಯತ್ಯಾಸ.

ಊದುಬತ್ತಿಯ ಉದ್ದನೆಯ ಪೆಟ್ಟಿಗೆ ತೆಗೆದುಕೊಳ್ಳಿ. ಒಂದು ತುದಿಗೆ ಬ್ಲೇಡಿನಿಂದ ಕೂದಲೆಳೆಯಷ್ಟು ಸಣ್ಣ ಸೀಳು. ಇನ್ನೊಂದು ತುದಿಯಲ್ಲಿ ಸಿ.ಡಿ.ಯ ಒಂದು ತುಂಡನ್ನು ಓರೆಯಾಗಿ ಕೂರಿಸಿ, ಮೇಲೆ ಇಣುಕು ಕಿಂಡಿ. ಸೀಳನ್ನು ಎಲ್‌ಇಡಿ ಬಲ್ಬಿನ ಕಡೆ ಹಿಡಿದರೆ ಕಾಮನಬಿಲ್ಲಿನ ಪಟ್ಟಿ ಬಿಡುವಿಲ್ಲದೆ ಕಾಣುತ್ತದೆ. ಹಳೆಯ ಟ್ಯೂಬ್‌ಲೈಟಿನ ಕಡೆ ಹಿಡಿದರೆ ಪಟ್ಟಿಯಲ್ಲಿ ಎದ್ದು ಕಾಣುವ ಗೆರೆಗಳು ಬರುತ್ತವೆ. ಹಸಿರಿನ ಗೆರೆ ಕಣ್ಣಿಗೆ ರಾಚುತ್ತದೆ. ಅದು ಪಾದರಸದ ಸಹಿ, ತರಂಗಾಂತರ 546 ನ್ಯಾನೋಮೀಟರ್. ಟ್ಯೂಬ್ ಒಡೆಯದೆ, ಮುಟ್ಟದೆ, ಒಳಗೆ ಪಾದರಸ ಇದೆ ಎಂದು ಕೊಠಡಿಯ ಮೂಲೆಯಿಂದ ಹೇಳಿಬಿಟ್ಟೆವು. ಜೇಮ್ಸ್ ವೆಬ್ 2022ರಲ್ಲಿ ವಾಸ್ಪ್-39ಬಿ ಎಂಬ ಗ್ರಹದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಎಂದು ಸುಮಾರು 700 ಜ್ಯೋತಿರ್ವರ್ಷ ದೂರದಿಂದ ಹೇಳಿದ್ದೂ ಇದೇ ಜಾತಿಯ ಕೆಲಸ. ಅಲ್ಲಿ ಬೆಳಗುವ ಗೆರೆಯಲ್ಲ, ತಾರೆಯ ಬೆಳಕು ಗ್ರಹದ ಗಾಳಿಯಲ್ಲಿ ಹಾದುಬರುವಾಗ 4.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗಾಂತರದ ಬಳಿ ಹೀರಿಹೋದ ಪಾಲು.

ಒಂದೇ ಕೊರತೆ: ಟ್ಯೂಬ್‌ಲೈಟ್ ಸಿಗುತ್ತಿಲ್ಲ. ಎಲ್ಲ ಕಡೆ ಎಲ್‌ಇಡಿ ಆಗಿದೆ.

ಸಾಂತಾಕ್ರೂಜ್ ಹೋಟೆಲಿನವ

ನಮ್ಮ ಅಡುಗೆಮನೆಯಲ್ಲಿ ಎರಡು ಇವೆ ಮೇಷ್ಟ್ರೇ, ಬಾಲ್ಯದಿಂದ ಮಿನುಗುತ್ತಿವೆ. ಮಕ್ಕಳನ್ನು ಕರೆದುಕೊಂಡು ಬನ್ನಿ.

ನನ್ನದೂ ಒಂದು ಪ್ರಶ್ನೆ. ಆ ನೀಹಾರಿಕೆಗಳ, ಅಂದರೆ ಅನಿಲ-ಧೂಳಿನ ಮೋಡಗಳ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಾರಂತೆ, ನಿಜವೇ? ಹಾಗಿದ್ದರೆ ಮಕ್ಕಳಿಗೆ ಅದನ್ನು 'ವಿಶ್ವ ಹೀಗಿದೆ' ಎಂದು ತೋರಿಸುವುದು ಮೋಸವಲ್ಲವೇ?

ಖಗೋಳ ವಿದ್ಯಾರ್ಥಿನಿ, ಪುಣೆ

ಅಣ್ಣಾ, ಈ ಪ್ರಶ್ನೆಯೇ ಒಂದು ಇಡೀ ಭಾನುವಾರಕ್ಕೆ ಸಾಕು. ನಾನು ದಿನವೂ ದೂರದರ್ಶಕದ ಕಚ್ಚಾ ಚಿತ್ರಗಳೊಂದಿಗೆ ಕೆಲಸ ಮಾಡುವವಳು. ಅವೆಲ್ಲ ಕಪ್ಪು ಬಿಳುಪು. ಹಬಲ್‌ನ ಕ್ಯಾಮೆರಾ ಒಂದೊಂದು ಸಲ ಒಂದೊಂದು ಶೋಧಕದ ಮೂಲಕ, ಅಂದರೆ ಬೆಳಕಿನ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಬಿಡುವ ಗಾಜಿನ ಮೂಲಕ, ಬಂದ ಬೆಳಕಿನ ಪ್ರಮಾಣವನ್ನು ಎಣಿಸುತ್ತದೆ. ಬಣ್ಣ ಕೊಡುವುದು ಆಮೇಲೆ, ನಿಯಮದ ಪ್ರಕಾರ.

1995ರಲ್ಲಿ ತೆಗೆದ, ಗರುಡ ನೀಹಾರಿಕೆಯ 'ಸೃಷ್ಟಿಯ ಸ್ತಂಭಗಳು' ಎಂದು ಹೆಸರಾದ ಚಿತ್ರವನ್ನೇ ನೋಡಿ. ಅದು ಸುಮಾರು 6,500 ಜ್ಯೋತಿರ್ವರ್ಷ ದೂರ. ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ನಿಜದಲ್ಲಿ ಜಲಜನಕದ 656 ನ್ಯಾನೋಮೀಟರಿನ ಬೆಳಕೂ ಗಂಧಕದ 672ರ ಬೆಳಕೂ ಎರಡೂ ಕೆಂಪೇ. ಎರಡಕ್ಕೂ ಕೆಂಪು ಕೊಟ್ಟರೆ ಯಾವುದು ಎಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ. ತರಂಗಾಂತರದ ಕ್ರಮವನ್ನು ಉಳಿಸಿಕೊಂಡು ಬಣ್ಣಗಳನ್ನು ದೂರ ದೂರ ಹರಡಿದ್ದಾರೆ. ಮೋಸವೆಂದು ನಾನು ಕರೆಯುವುದಿಲ್ಲ. ಆದರೆ ಇದನ್ನು ಹೇಳದೆ ಚಿತ್ರ ತೋರಿಸಿದರೆ ಅರ್ಧ ಸತ್ಯವಾಗುತ್ತದೆ; ಅಲ್ಲಿ ಹೋಗಿ ನಿಂತರೆ ಹಾಗೆ ಕಾಣುತ್ತದೆ ಎಂದು ಮಕ್ಕಳು ನಂಬುತ್ತಾರೆ.

ಮಾಡಿಸಬೇಕಾದ ಕೆಲಸ: ಮೂರು ಶೋಧಕಗಳ ಮೂರು ಕಪ್ಪು ಬಿಳುಪು ಚಿತ್ರಗಳು ಸಾರ್ವಜನಿಕ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಯಾವುದಾದರೂ ಉಚಿತ ಚಿತ್ರ ತಂತ್ರಾಂಶದಲ್ಲಿ ಒಂದನ್ನು ಕೆಂಪಿಗೆ, ಒಂದನ್ನು ಹಸಿರಿಗೆ, ಒಂದನ್ನು ನೀಲಿಗೆ ಸೇರಿಸಲು ಹೇಳಿ. ಆಮೇಲೆ ಅದಲುಬದಲು ಮಾಡಿಸಿ. ಅದೇ ನೀಹಾರಿಕೆ ಒಂದು ಗುಂಪಿನ ಕೈಯಲ್ಲಿ ನೇರಳೆ, ಇನ್ನೊಂದರ ಕೈಯಲ್ಲಿ ಹೊಂಬಣ್ಣ. ಯಾರದು ಸರಿ ಎಂದು ಜಗಳವಾಗಲಿ. ಸ್ತಂಭದ ಅಂಚಿನಲ್ಲಿ ಯಾವ ಅನಿಲ ಹೊಳೆಯುತ್ತಿದೆ ಎಂದು ಕೇಳಿದರೆ ಮಾತ್ರ ಎಲ್ಲ ಗುಂಪೂ ಒಂದೇ ಉತ್ತರಕ್ಕೆ ಬರುತ್ತವೆ.

ಔಂಧ್ ಇಂಜಿನಿಯರ್, ಪುಣೆ

ಕಾಣದ ಬೆಳಕಿಗೆ ಬಣ್ಣ ಕೊಡುವುದು ಜೇಮ್ಸ್ ವೆಬ್ ವಿಚಾರದಲ್ಲಿ ಅನಿವಾರ್ಯ, ಏಕೆಂದರೆ ಅದು ನೋಡುವುದು ಬಹುತೇಕ ಅವಕೆಂಪನ್ನು. ಕೊಠಡಿ ಕತ್ತಲು ಮಾಡಿ ಟಿ.ವಿ. ರಿಮೋಟಿನ ಮುಂತುದಿಯನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿಸಿ. ಕಣ್ಣಿಗೆ ಏನೂ ಇಲ್ಲ, ಪರದೆಯ ಮೇಲೆ ಮಿಣಮಿಣ ಚುಕ್ಕೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಗಾಜು ಬಲವಾಗಿರುತ್ತದೆ, ಹೆಚ್ಚಾಗಿ ಕಾಣುವುದಿಲ್ಲ. ಎರಡನ್ನೂ ಹೋಲಿಸಿದರೆ ಶೋಧಕ ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಏಕೆ ಅವಕೆಂಪು? ಎರಡು ಕಾರಣ. ಧೂಳಿನ ಮೋಡಗಳ ಒಳಗಿನಿಂದ ಅದು ಹೊರಬರುತ್ತದೆ. ಜೊತೆಗೆ, ವಿಶ್ವ ಹಿಗ್ಗುವಾಗ ಪ್ರಯಾಣದಲ್ಲಿರುವ ಬೆಳಕಿನ ತರಂಗವೂ ಹಿಗ್ಗುತ್ತದೆ. ಅತಿ ಹಳೆಯ ಗೆಲಾಕ್ಸಿಗಳಿಂದ ಹೊರಟ ಅತಿನೇರಳೆ ನಮಗೆ ತಲುಪುವುದು ಅವಕೆಂಪಾಗಿ. 2024ರಲ್ಲಿ ವೆಬ್ ಗುರುತಿಸಿದ ಒಂದು ಗೆಲಾಕ್ಸಿಯ ಬೆಳಕು ಮಹಾಸ್ಫೋಟವಾಗಿ ಸುಮಾರು 29 ಕೋಟಿ ವರ್ಷಕ್ಕೆ ಹೊರಟದ್ದು. ತಾನೇ ಬೆಚ್ಚಗಿದ್ದರೆ ದೂರದರ್ಶಕವೇ ಅವಕೆಂಪು ಸೂಸುತ್ತದೆ. ಅದಕ್ಕೇ ಐದು ಪದರದ ಬಿಸಿಲುಪರದೆ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಜಾಗ. ಕೆಟ್ಟರೆ ರಿಪೇರಿಗೆ ಯಾರೂ ಹೋಗಲಾರರು.

ಹಬಲ್‌ಗೆ ಆ ಭಾಗ್ಯವಿತ್ತು. 1990ರ ಏಪ್ರಿಲ್ 24ರಂದು ಹಾರಿದ ಮೇಲೆ ಚಿತ್ರಗಳು ಮಸುಕು ಬಂದವು. 2.4 ಮೀಟರ್ ಕನ್ನಡಿಯ ಅಂಚನ್ನು ಸುಮಾರು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿ ಉಜ್ಜಿಬಿಟ್ಟಿದ್ದರು. ಕನ್ನಡಿ ಅತ್ಯಂತ ನುಣುಪಾಗಿತ್ತು, ಆಕಾರ ಮಾತ್ರ ತಪ್ಪು. ಆಕಾರ ಅಳೆಯುವ ಸಾಧನವೇ ತಪ್ಪಾಗಿ ಜೋಡಣೆಯಾಗಿತ್ತು. ಬೇರೆ ಅಳತೆಗಳು ದೋಷ ತೋರಿಸಿದರೂ ಅವನ್ನು ನಂಬಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ದರ್ಪಣಗಳನ್ನು ಸೇರಿಸಿದರು. ಪ್ರಯೋಗಾಲಯದಲ್ಲಿ 'ಬೇಡದ ರೀಡಿಂಗ್' ಅಳಿಸಿಹಾಕುವ ಮಕ್ಕಳಿಗೆ ನಾನು ಈ ಕಥೆಯನ್ನೇ ಹೇಳುವುದು.

ವಾಸ್ಕೋ ಟೀಚರ್

ನಮ್ಮ ದೇಶದ್ದು, ನಮ್ಮ ಜನರದ್ದು ಏನಾದರೂ ಇದೆಯೇ ಎಂದು ಮಕ್ಕಳು ಕೇಳುತ್ತಾರೆ. ಎಲ್ಲವೂ ಅಮೆರಿಕದ ಕಥೆಯಾದರೆ ಅದು ತಮ್ಮ ಕೈಗೆಟುಕುವುದಲ್ಲ ಎಂಬ ಭಾವನೆ ಕೂತುಬಿಡುತ್ತದೆ.

ಖಗೋಳ ವಿದ್ಯಾರ್ಥಿನಿ, ಪುಣೆ

ಇದೆ ಟೀಚರ್, ಅದೂ ನಾವಿರುವ ಊರುಗಳಲ್ಲೇ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ನಮ್ಮದೇ ಬಾಹ್ಯಾಕಾಶ ವೀಕ್ಷಣಾಲಯ. ಅದರ ಎರಡು ಕ್ಷ-ಕಿರಣ ಉಪಕರಣಗಳು ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡವು. ಅತಿನೇರಳೆ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದ್ದು. ಕನ್ನಡಿಯ ವ್ಯಾಸ ಬರೀ 37.5 ಸೆಂಟಿಮೀಟರ್. ಮಕ್ಕಳು ಸ್ಕೇಲ್ ಇಟ್ಟು ನೆಲದ ಮೇಲೆ ಆ ವೃತ್ತ ಎಳೆಯಲಿ, ಪಕ್ಕದಲ್ಲಿ ಹಬಲ್‌ನ 2.4 ಮೀಟರ್, ವೆಬ್‌ನ 6.5 ಮೀಟರ್. ಅಷ್ಟು ಚಿಕ್ಕ ಕನ್ನಡಿ 2016ರ ಅಕ್ಟೋಬರಿನಲ್ಲಿ, ಹಬಲ್ ಆಳವಾಗಿ ನೋಡಿದ್ದ ಜಾಗವನ್ನೇ 28 ಗಂಟೆಗೂ ಹೆಚ್ಚು ಹೊತ್ತು ನೋಡಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ಅತಿನೇರಳೆ ಬೆಳಕು ಅದಕ್ಕೆ ಸಿಕ್ಕಿತು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದಲ್ಲಿರುವ ಕನಕ್ ಸಹಾ ಅವರ ನೇತೃತ್ವದ ತಂಡ ಇದನ್ನು 2020ರಲ್ಲಿ ಪ್ರಕಟಿಸಿತು. ಆ ಜಾಗದ ಈ ಬೆಳಕನ್ನು ಹಬಲ್ ಹಿಡಿದಿರಲಿಲ್ಲ. ದೊಡ್ಡ ಕನ್ನಡಿಯೇ ಎಲ್ಲವೂ ಅಲ್ಲ; ಉಪಕರಣದ ಹಿನ್ನೆಲೆ ಗದ್ದಲ ಎಷ್ಟು ಕಡಿಮೆ ಎನ್ನುವುದು ಅಷ್ಟೇ ಮುಖ್ಯ.

ಚಂದ್ರಾ ಕ್ಷ-ಕಿರಣ ವೀಕ್ಷಣಾಲಯದ ಹೆಸರೂ ಮುಂಬಯಿಯ ಮಕ್ಕಳಿಗೆ ಹತ್ತಿರದ್ದು. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರ ಜುಲೈಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಿಂದಲೇ ಹಡಗು ಹತ್ತಿದ್ದು. ಆ ಪ್ರಯಾಣದಲ್ಲಿ ಅವರು ಹಾಕಿದ ಲೆಕ್ಕ ಮುಂದೆ ಬೆಳೆದು, ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದ ಶ್ವೇತಕುಬ್ಜ (ಇಂಧನ ಮುಗಿದ ತಾರೆಯ ಪುಟ್ಟ, ದಟ್ಟ ಉಳಿಕೆ) ಇರಲಾರದು ಎಂಬ ಮಿತಿಯಾಯಿತು. 1999ರ ಜುಲೈ 23ರಂದು ಹಾರಿದ ದೂರದರ್ಶಕಕ್ಕೆ ಅವರ ಹೆಸರು ಬಂದದ್ದು ಒಂದು ಸ್ಪರ್ಧೆಯ ಮೂಲಕ. ಗೆದ್ದ ಇಬ್ಬರಲ್ಲಿ ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ಶಿಕ್ಷಕಿ. ಅದನ್ನು ಹೊತ್ತೊಯ್ದ ನೌಕೆಯ ಕಮಾಂಡರ್ ಐಲೀನ್ ಕಾಲಿನ್ಸ್, ಷಟಲ್ ನೌಕೆಯನ್ನು ಮುನ್ನಡೆಸಿದ ಮೊದಲ ಮಹಿಳೆ. ನಿಮ್ಮ ಹುಡುಗಿಯರಿಗೆ ಹೇಳಿ.

ಇಬ್ಬರು ಮಕ್ಕಳ ತಾಯಿ, ಕೋಥ್ರೂಡ್

ಅಯುಕಾ ನಮ್ಮ ಮನೆಯಿಂದ ದೂರವಿಲ್ಲ. ಫೆಬ್ರವರಿ 28ರ ವಿಜ್ಞಾನ ದಿನದಂದು ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ, ಹೋಗಿದ್ದೆವು. ನಾರ್ಳಿಕರ್ ಅವರು ಅಲ್ಲಿನ ಸ್ಥಾಪಕ ನಿರ್ದೇಶಕರಾಗಿದ್ದುಕೊಂಡೇ ಮರಾಠಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಕಥೆ ಬರೆದವರು. ಚಿಕ್ಕವಳು ಅವನ್ನು ಶಾಲೆಯಲ್ಲಿ ಓದಿದ್ದಾಳೆ. ದೊಡ್ಡವನಿಗೆ ಊದುಬತ್ತಿ ಪೆಟ್ಟಿಗೆ ಕೊಟ್ಟಿದ್ದೇನೆ. ಪರೀಕ್ಷೆಯ ಮಾತನ್ನು ಹಿಂದೆ ತೆಗೆದುಕೊಂಡಿಲ್ಲ, ನೆನಪಿರಲಿ! ಗಣಿತಕ್ಕೆ ಇನ್ನಷ್ಟು ಹತ್ತಿರದ್ದೇನಾದರೂ ಇದೆಯೇ?

ಖಗೋಳ ವಿದ್ಯಾರ್ಥಿನಿ, ಪುಣೆ

ಇದೆ ಅಕ್ಕಾ. ಗ್ರಹ ಹುಡುಕುವ ಲೆಕ್ಕ. ಒಂದು ತಾರೆಯ ಮುಂದೆ ಗ್ರಹ ಹಾದುಹೋದಾಗ ಬೆಳಕು ತುಸು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎನ್ನುವುದು ಎರಡು ವೃತ್ತಗಳ ವಿಸ್ತೀರ್ಣದ ಅನುಪಾತ, ಅಂದರೆ ತ್ರಿಜ್ಯಗಳ ಅನುಪಾತದ ವರ್ಗ. ಗುರುಗ್ರಹ ಸೂರ್ಯನ ಮುಂದೆ ಹಾದರೆ ಶೇಕಡಾ ಒಂದು. ಭೂಮಿ ಹಾದರೆ ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ. ಕೆಪ್ಲರ್ ದೂರದರ್ಶಕ 2009ರಿಂದ 2018ರವರೆಗೆ ಹೀಗೆಯೇ 2,600ಕ್ಕೂ ಹೆಚ್ಚು ಗ್ರಹಗಳನ್ನು ಕೊಟ್ಟಿತು.

ತರಗತಿಯಲ್ಲಿ: 20 ಸೆಂಟಿಮೀಟರ್ ವ್ಯಾಸದ ದುಂಡನೆಯ ಎಲ್‌ಇಡಿ ಪ್ಯಾನೆಲ್ ತಾರೆ. 4 ಸೆಂಟಿಮೀಟರಿನ ಟೇಬಲ್ ಟೆನಿಸ್ ಚೆಂಡು ಗ್ರಹ, ಅದನ್ನು ಕಪ್ಪು ಬಳಿದು ದಾರಕ್ಕೆ ಕಟ್ಟಿ. ಎರಡು ಮೀಟರ್ ಆಚೆ ಮೊಬೈಲ್; ಬೆಳಕು ಅಳೆಯುವ ಉಚಿತ ಆ್ಯಪ್‌ಗಳಿವೆ. ಐದರಲ್ಲೊಂದರ ವರ್ಗ ಇಪ್ಪತ್ತೈದರಲ್ಲೊಂದು, ಅಂದರೆ ಶೇಕಡಾ 4 ಕುಗ್ಗಬೇಕು.

ಔಂಧ್ ಇಂಜಿನಿಯರ್, ಪುಣೆ

ಚೆಂಡು ಪ್ಯಾನೆಲ್‌ಗೆ ಅಂಟಿದಂತೆ ಇದ್ದರೆ ಮಾತ್ರ ಶೇಕಡಾ 4. ಮುಂದಕ್ಕೆ ಬಂದಷ್ಟೂ ಮೊಬೈಲಿಗೆ ಚೆಂಡು ದೊಡ್ಡದಾಗಿ ಕಾಣುತ್ತದೆ. ನಿಜವಾದ ತಾರೆಗಳಲ್ಲಿ ಈ ತೊಡಕಿಲ್ಲ. ತಾರೆ-ಗ್ರಹಗಳ ನಡುವಿನ ಅಂತರ ನಮ್ಮ ದೂರದ ಮುಂದೆ ಲೆಕ್ಕಕ್ಕೇ ಇಲ್ಲ.

ಗೋರೆಗಾಂವ್ ಮೇಷ್ಟ್ರು

ಈ ಭಾನುವಾರ ಮಾಡಿದೆವು. ಇಂಜಿನಿಯರ್ ಸಾಹೇಬರ ಎಚ್ಚರಿಕೆಯನ್ನು ಬೇಕೆಂದೇ ಮಕ್ಕಳಿಗೆ ಹೇಳಲಿಲ್ಲ. ಪರದೆ ಎಳೆದು, ಪ್ಯಾನೆಲ್ ಹಚ್ಚಿ, ಒಬ್ಬ ದಾರ ಹಿಡಿದು ಸ್ಟೂಲಿನ ಮೇಲೆ ನಿಂತ, ಒಬ್ಬಳು ಲಕ್ಸ್ (ಬೆಳಕಿನ ಅಳತೆ) ಓದಿದಳು, ಒಬ್ಬ ಹಲಗೆಯ ಮೇಲೆ ಗ್ರಾಫ್ ಹಾಕಿದ. 120 ಇದ್ದದ್ದು ಚೆಂಡು ನಡುವೆ ಬಂದಾಗ 114 ಆಯಿತು. ಶೇಕಡಾ 5. ಉತ್ತರ 4 ಬರಬೇಕಲ್ಲ ಎಂದು ಒಬ್ಬ 115 ಎಂದು ತಿದ್ದಲು ಹೊರಟ. ಅವನಿಗೆ ಹಬಲ್ ಕನ್ನಡಿಯ ಕಥೆ ಅಲ್ಲೇ ಆಯಿತು. ಹತ್ತು ನಿಮಿಷ ಗಲಾಟೆ. ಮೊಬೈಲ್ ಸರಿಯಿಲ್ಲ, ಚೆಂಡು ದೊಡ್ಡದು, ಬಾಗಿಲ ಸಂದಿನಿಂದ ಬೆಳಕು ಬರುತ್ತಿದೆ. ಬಾಗಿಲಿಗೆ ಚಾಪೆ ಒಡ್ಡಿದರು, ಸ್ಕೇಲಿನಿಂದ ಚೆಂಡು ಅಳೆದರು. ಕೊನೆಗೆ ಲಕ್ಸ್ ಓದುತ್ತಿದ್ದ ಹುಡುಗಿಯೇ ಎದ್ದು ಬಂದು ಪ್ಯಾನೆಲ್‌ಗೂ ಚೆಂಡಿಗೂ ನಡುವೆ ಸ್ಕೇಲ್ ಹಿಡಿದಳು. 20 ಸೆಂಟಿಮೀಟರ್. ಅಂದರೆ ಮೊಬೈಲಿನಿಂದ ತಾರೆ 200, ಗ್ರಹ 180. ಅನುಪಾತದ ವರ್ಗವನ್ನು 4ಕ್ಕೆ ಗುಣಿಸಿದಾಗ 4.9 ಬಂತು. ಸಮರೂಪ ತ್ರಿಭುಜಗಳ ಪಾಠವನ್ನು ಇಷ್ಟು ಆಸೆಯಿಂದ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಕೋಥ್ರೂಡಿನ ಅಮ್ಮ ಗಮನಿಸಬೇಕು.

ಹೊರಡುವಾಗ ಸ್ಟೂಲಿನ ಮೇಲಿದ್ದ ಹುಡುಗ ಕೇಳಿದ: 'ಒಂದೇ ಸಲ ಎರಡು ಗ್ರಹ ಹಾದುಹೋದರೆ ನಮಗೆ ಹೇಗೆ ಗೊತ್ತಾಗುತ್ತದೆ? ಒಂದೇ ದೊಡ್ಡ ಗ್ರಹ ಎಂದುಕೊಳ್ಳುತ್ತೇವಲ್ಲ?' ಮುಂದಿನ ವಾರ ಹೇಳುತ್ತೇನೆ ಎಂದಿದ್ದೇನೆ.

ಖಗೋಳ ವಿದ್ಯಾರ್ಥಿನಿ, ಪುಣೆ

ಹುಡುಗನಿಗೆ ನನ್ನ ಶಹಬ್ಬಾಸ್ ತಿಳಿಸಿ ಸರ್. ಟ್ರಾಪಿಸ್ಟ್-1 ಎಂಬ ತಾರೆಯ ವಿಚಾರದಲ್ಲಿ ಇದೇ ಆಯಿತು. ಅದು ಸುಮಾರು 40 ಜ್ಯೋತಿರ್ವರ್ಷ ದೂರ. 2016ರಲ್ಲಿ ಅದಕ್ಕೆ ಮೂರು ಗ್ರಹಗಳೆಂದು ಪ್ರಕಟಿಸಿದರು. ಮೂರನೆಯದೆಂದು ತಿಳಿದ ಕುಗ್ಗುಗಳು ನಿಜದಲ್ಲಿ ಬೇರೆ ಬೇರೆ ಗ್ರಹಗಳವು ಎಂದು ಆಮೇಲೆ ತಿಳಿಯಿತು. ಭೂಮಿಯ ಮೇಲಿನ ದೂರದರ್ಶಕಕ್ಕೆ ಹಗಲಾಗುತ್ತದೆ, ಮೋಡ ಬರುತ್ತದೆ. ಗ್ರಾಫಿನಲ್ಲಿ ಹಲ್ಲುದುರಿದ ಹಾಗೆ ಖಾಲಿ ಜಾಗ. ಸ್ಪಿಟ್ಜರ್ ಎಂಬ ಅವಕೆಂಪು ದೂರದರ್ಶಕ ಆ ವರ್ಷದ ಸೆಪ್ಟೆಂಬರಿನಿಂದ ಸುಮಾರು 500 ಗಂಟೆ ಬಹುತೇಕ ಬಿಡದೆ ನೋಡಿತು. 2017ರ ಫೆಬ್ರವರಿಯಲ್ಲಿ ಲೆಕ್ಕ ಏಳಕ್ಕೆ ಏರಿತು.

ಎರಡು ಗ್ರಹ ಒಟ್ಟಿಗೆ ಹಾದರೂ ಒಂದೇ ಕ್ಷಣಕ್ಕೆ ಒಳಗೆ ಬಂದು ಒಂದೇ ಕ್ಷಣಕ್ಕೆ ಹೊರಹೋಗುವುದು ಅಪರೂಪ. ಗ್ರಾಫಿನಲ್ಲಿ ಮೆಟ್ಟಿಲು ಕಾಣುತ್ತದೆ. ಮುಂದಿನ ವಾರ ಎರಡು ದಾರ, ಎರಡು ಚೆಂಡು ಕಟ್ಟಿ. ಒಂದು ಗುಂಪು ಪರದೆಯ ಹಿಂದೆ ಆಡಿಸಲಿ, ಇನ್ನೊಂದು ಗುಂಪಿಗೆ ಗ್ರಾಫ್ ಮಾತ್ರ ಕೊಡಿ. ಎಷ್ಟು ಚೆಂಡು, ಯಾವುದು ದೊಡ್ಡದು, ಯಾವುದು ಮೊದಲು ಬಂತು ಎಂದು ಅವರು ಹೇಳಲಿ.

ಸಾಂತಾಕ್ರೂಜ್ ಹೋಟೆಲಿನವ

ಚೆಂಡು ಎಷ್ಟು ಬೇಕೋ ಹೇಳಿ, ಪಕ್ಕದ ಅಂಗಡಿಯಿಂದ ತರಿಸಿಡುತ್ತೇನೆ. ಇಲೆಕ್ಟ್ರಿಶಿಯನ್ ಬುಧವಾರ ಟ್ಯೂಬ್‌ಲೈಟ್ ಬದಲಿಸಲು ಬರುವವನಿದ್ದ, ಮುಂದಿನ ತಿಂಗಳು ಬಾ ಎಂದು ಹೇಳಿದ್ದೇನೆ. ಮಕ್ಕಳನ್ನು ಹನ್ನೊಂದಕ್ಕೆ ಮುಂಚೆ ಕರೆತನ್ನಿ, ಆಮೇಲೆ ಊಟದ ಗದ್ದಲ ಶುರುವಾದರೆ ಅಡುಗೆಮನೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.